ಒಂದೇ ಹೊಟ್ಟೆಯವರ ಆಟ

ಜೂನ್ 9, 2025, ಸೋಮವಾರ

ಇಂದು ಚಿಕ್ಕ ಮಗ ಶೈಲೇಶನಿಗೆ ನಾನೇ ಉಣ್ಣಿಸಿದೆ. ಚಮಚ ಹಿಡಿಯಲು ಆಗುವುದಿಲ್ಲವೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಜಿಯ ಬಟ್ಟಲು ಹಿಡಿದು ಹತ್ತಿರ ಕೂತೆ, ಅವನು ಬಾಯಿ ತೆರೆದ. ಮೂವತ್ತೆಂಟು ವರ್ಷದ ಗಂಡಸು.

ನರಗಳು ಒಂದೊಂದಾಗಿ ಸಾಯುವ ರೋಗವಂತೆ. ಮೊದಲು ಕೈಕಾಲು, ಆಮೇಲೆ ಮಾತು, ನುಂಗುವುದು, ಕೊನೆಗೆ ಉಸಿರು. ಕಂಡಕ್ಟರ್ ಮುಂದಿನ ಸ್ಟಾಪುಗಳನ್ನು ಕೂಗುವ ಹಾಗೆ ಡಾಕ್ಟರು ಕ್ರಮವಾಗಿ ಹೇಳಿದರು. ಮದ್ದಿಲ್ಲ. ನಾನು ಅಳಲಿಲ್ಲ. ಇವರ ಅಪ್ಪ ಹೋದಾಗ ಮಕ್ಕಳಿಬ್ಬರೂ ಶಾಲೆಯಲ್ಲಿದ್ದರು. ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಶಕ್ತಿನಗರದ ಈ ಹಿಟ್ಟಿನ ಮಿಲ್ಲಿನ ಬೆಲ್ಟು ನಾನೇ ಏರಿಸಿದೆ. ಈ ಜಯಕ್ಕ ಅತ್ತದ್ದನ್ನು ಈ ರಸ್ತೆಯಲ್ಲಿ ಯಾರೂ ಕಂಡಿಲ್ಲ. ದೊಡ್ಡವ ರೂಪೇಶ ಮಸ್ಕತ್ತಿನಿಂದ ಪ್ರತಿ ವರ್ಷ ಕಂಪೆನಿಯ ಡೈರಿ ತರುತ್ತಾನೆ. ಇಷ್ಟು ವರ್ಷ ಅದನ್ನು ಹಾಗೆಯೇ ಕಪಾಟಿಗೆ ಹಾಕುತ್ತಿದ್ದೆ. ಈಗ ಬರೆಯುತ್ತೇನೆ. ಯಾರ ಹತ್ತಿರವೂ ಆಡುವ ಮಾತಲ್ಲ ಇದು.

ಚಾವಡಿಯ ಮುಕ್ಕಾಲು ಭಾಗವನ್ನು ಶೈಲೇಶನ ಮೇಜು ತಿಂದಿದೆ. ಅದರ ಮೇಲೆ ಥರ್ಮಾಕೋಲಿನ ಗುಡ್ಡ, ನೀಲಿ ಬಣ್ಣದ ಹೊಳೆ, ಐಸ್‌ಕ್ರೀಮ್ ಕಡ್ಡಿಗಳ ಸೇತುವೆ. ನನ್ನ ತವರಿನ ಕೂಳೂರು ಸೇತುವೆಯನ್ನು ನೋಡಿ ಮಾಡಿದ್ದಂತೆ. ಒಂದು ಗೆಣ್ಣಿನಷ್ಟು ಎತ್ತರದ ಸಿಪಾಯಿಗಳು, ಒಂದು ದಂಡು ಕೆಂಪು, ಒಂದು ದಂಡು ಕಪ್ಪು. ಪ್ರತಿಯೊಬ್ಬನ ಮೀಸೆಗೂ ಅವನೇ ಬಣ್ಣ ಹಚ್ಚಿದ್ದು. ಟೇಪಿನಲ್ಲಿ ಅಳೆದು ನಡೆಸುವುದು, ದಾಳ ಹಾಕಿ ಕೊಲ್ಲುವುದು. ಎಂದೂ ನಡೆಯದ ಯುದ್ಧ. ಹೆಣ್ಣು ನೋಡಲು ಹೋದ ಕಡೆಯಲ್ಲೆಲ್ಲ, “ಹುಡುಗ ಗೊಂಬೆ ಇಟ್ಟು ಆಡ್ತಾನಂತೆ ಹೌದಾ?” ಎಂದು ಕೇಳಿದರು. ನಾನು ತಲೆ ತಗ್ಗಿಸಿದ್ದು ಅಲ್ಲಿ ಮಾತ್ರ.

ಜೂನ್ 22, ಭಾನುವಾರ

ಆಟದವರು ಬಂದಿದ್ದರು. ಡೆರಿಲ್ ಶಾಲೆಯ ಕಾಲದ ಸ್ನೇಹಿತ, ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿದ್ದಾನೆ. ನಾಝಿಮಾ ಶೈಲೇಶನಿಗೆ ವ್ಯಾಯಾಮ ಮಾಡಿಸಲು ಬರುವವಳು, ಬಂದವಳು ಮೇಜು ನೋಡಿ ಆಟಕ್ಕೂ ಕೂತಳು. ಈಗ ಶೈಲೇಶನ ಸಿಪಾಯಿಗಳನ್ನು ಡೆರಿಲ್ ಎತ್ತಿ ಇಡಬೇಕು.

“ಕುದುರೆ ಎಲ್ಲಿಗೆ ಹೋಗುದು ಮಾರಾಯ? ಗಡ್ಡ ಅಲ್ಲಾಡಿಸಿದ್ರೆ ನಂಗೆ ಎಂತ ಗೊತ್ತಾಗ್ತದೆ?”

“ಗುಡ್ಡದ ಹಿಂದೆ, ಮಂಗ.” ಶೈಲೇಶನ ಮಾತು ಈಗ ಬಾಯಲ್ಲಿ ಬೆಲ್ಲ ಇಟ್ಟುಕೊಂಡವರ ಹಾಗೆ.

“ಅಲ್ಲಿ ನಾಝಿಮಾನ ಫಿರಂಗಿ ಉಂಟು.”

“ಇರ್ಲಿ. ಅವಳಿಗೆ ಗುರಿ ಇಲ್ಲ.”

“ಕೇಳಿದ್ರಾ ಆಂಟಿ?” ಎಂದಳು ನಾಝಿಮಾ. “ನಾಳೆ ಇವರ ಕಾಲು ಸ್ವಲ್ಪ ಜೋರು ಎಳೀತೇನೆ, ಆಗ ಗುರಿ ಗೊತ್ತಾಗ್ತದೆ.”

ನಾನು ಚಾ ಇಟ್ಟು ತಿರುಗುವಾಗ ಡೆರಿಲ್ ಹೇಳಿದ, “ಇವನಿಗೆ ಸರಿಯಾದ ಜೋಡಿ ರೂಪೇಶಣ್ಣ ಮಾತ್ರ ಆಂಟಿ. ಶುಕ್ರವಾರ ಶುಕ್ರವಾರ ಕಂಪ್ಯೂಟರಲ್ಲಿ ಅಣ್ಣ ತಮ್ಮ ಹೊಡ್ಕೊಳ್ಳುದು ನೋಡ್ಬೇಕು. ಎಷ್ಟು ವರ್ಷ ಆಯ್ತೋ!”

ಶೈಲೇಶ ಅವನನ್ನು ನೋಡಿದ ರೀತಿಯಲ್ಲೇ ನನಗೆ ತಿಳಿಯಿತು. ನನಗೆ ತಿಳಿಯಬಾರದೆಂದು ಅಣ್ಣ ತಮ್ಮ ಇಬ್ಬರೂ ಸೇರಿ ಮುಚ್ಚಿಟ್ಟದ್ದು. ಅಣ್ಣನ ಹತ್ತಿರ ಮಾತಾಡುತ್ತಿದ್ದಾನೆಂದು ನಾನು ಪ್ರತಿ ಶುಕ್ರವಾರ ಹಾಲು ಕೊಟ್ಟು ಬಾಗಿಲು ಎಳೆದುಕೊಂಡು ಬರುತ್ತಿದ್ದೆ.

ಜೂನ್ 23, ಸೋಮವಾರ

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎದುರು ಬದುರು ಕೂತು ಆಡಬಾರದು. ಕೂಳೂರಿನ ಮನೆಯಲ್ಲಿ ಕಾಯಿ ಹಾಕಿ ಆಡುವ ಚೆನ್ನೆಮಣೆ ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಅಟ್ಟದಿಂದ ಇಳಿಯುತ್ತಿತ್ತು, ಮುಂದಿನ ತಿಂಗಳು ಸೋಣ ಬರುವ ಮೊದಲು ಮೇಲೆ ಹೋಗುತ್ತಿತ್ತು. ಮಳೆ ಎಷ್ಟೇ ಇರಲಿ, ಬೇಸರ ಎಷ್ಟೇ ಇರಲಿ, ನಾನು ಮತ್ತು ತಂಗಿ ಆ ಮಣೆಗೆ ಎದುರು ಕೂತವರಲ್ಲ. ಕೂತರೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ. ನನ್ನ ಮಕ್ಕಳಿಗೂ ಕೇರಂ ಬೋರ್ಡಿನಲ್ಲಿ ಇದೇ ನಿಯಮ ಇಟ್ಟೆ. ಒಬ್ಬ ಆಡಬೇಕಾದರೆ ಇನ್ನೊಬ್ಬ ಎದ್ದು ಹೋಗಬೇಕು.

ಕಂಪ್ಯೂಟರಿಗೆ ಆಟಿಯೂ ಇಲ್ಲ, ಸೋಣವೂ ಇಲ್ಲ. ವರ್ಷಗಟ್ಟಲೆ ಒಬ್ಬರನ್ನೊಬ್ಬರು ಕೊಂದುಕೊಂಡಿದ್ದಾರೆ. ಡಾಕ್ಟರಿಗೆ ಕಾರಣ ಗೊತ್ತಿಲ್ಲವಂತೆ. ನನಗೆ ಗೊತ್ತಾಯಿತು.

ಮಧ್ಯಾಹ್ನ ಮಸ್ಕತ್ತಿಗೆ ಫೋನ್ ಮಾಡಿದೆ. “ನಿನ್ನ ತಮ್ಮನನ್ನು ಆಟದಲ್ಲಿ ತಿಂದವನು ನೀನು” ಎಂದೆ. ರೂಪೇಶನ ಹಿಂದೆ ಯಾವುದೋ ಮೆಷಿನ್ ಓಡುವ ಸದ್ದು ಮಾತ್ರ ಕೇಳುತ್ತಿತ್ತು. ಹೇಳಬೇಕಾದ್ದನ್ನು ಹೇಳಿದೆ. ತಾಯಿ ಹೇಳದೆ ಇನ್ಯಾರು ಹೇಳಬೇಕು?

ಜುಲೈ 6, ಭಾನುವಾರ

ಎರಡು ಶುಕ್ರವಾರ ರೂಪೇಶ ಆಟಕ್ಕೆ ಬರಲಿಲ್ಲ. ಶೈಲೇಶ ಇಂದು ಬಾಯಿ ಬಿಟ್ಟ.

“ಅಣ್ಣನಿಗೆ ಎಂತ ಹೇಳಿದ್ದು ನೀನು?”

“ಇದ್ದದ್ದು.”

“ಅಮ್ಮ, ಈ ರೋಗ ಚೆನ್ನೆಮಣೆಯಿಂದ ಬರುದಲ್ಲ.”

“ಮತ್ತೆ ಎಲ್ಲಿಂದ ಬಂತು? ಹೇಳು. ನಿನ್ನ ಡಾಕ್ಟರಿಗೆ ಗೊತ್ತಿಲ್ಲ, ನಿನಗೆ ಗೊತ್ತುಂಟಾ?”

ಅವನು ಉಸಿರು ಕೂಡಿಸಿಕೊಂಡು ಹೇಳಿದ. ಈ ತಿಂಗಳು ಅಣ್ಣ ರಜೆಯಲ್ಲಿ ಬರುತ್ತಾನೆ, ಸೇತುವೆಯ ಯುದ್ಧ ಅವನೊಟ್ಟಿಗೆ ಆಡಲೆಂದೇ ಕಟ್ಟಿದ್ದು, ಪರದೆಯಲ್ಲಿ ಅಲ್ಲ, ಈ ಮೇಜಿನಲ್ಲಿ, ಮುಖ ನೋಡಿಕೊಂಡು, ಒಂದೇ ಸಲ. “ಮಾತು ಹೋಗುವ ಮೊದಲು. ಮತ್ತೆ ನಂಗೆ ಎಂತದೂ ಬೇಡ.”

ನಾನು ಬೇಡವೆಂದೆ. ಉಳಿದಿರುವ ಉಸಿರನ್ನಾದರೂ ನಾನು ಕಾಯಬೇಕು.

ಜುಲೈ 19, ಶನಿವಾರ

ರೂಪೇಶ ಬಂದ. ಬಂದವನೇ ತಮ್ಮನ ಪಾದ ಒತ್ತುತ್ತಾ ಕೂತ. ತಲೆ ಎತ್ತಲಿಲ್ಲ. ಚೀಲದಿಂದ ಒಂದು ಪೆಟ್ಟಿಗೆ ತೆಗೆದ, ಒಳಗೆ ಕಪ್ಪು ಕುದುರೆ ಸವಾರರು, ಬಣ್ಣ ಹಚ್ಚಿದ್ದು. ಅಲ್ಲಿ ಕೋಣೆಯಲ್ಲಿ ಕೂತು ಹಚ್ಚಿದನಂತೆ. ಶೈಲೇಶ ನೋಡಿ, “ಮುಖಕ್ಕೆಲ್ಲ ಒಂದೇ ಕೋಟಿಂಗ್. ಎಸಿ ರಿಪೇರಿಯವನ ಪೇಂಟಿಂಗ್” ಎಂದ. ಇಬ್ಬರೂ ನಕ್ಕರು. ನಾನು ಬಂದೆ, ನಗು ನಿಂತಿತು.

ನನ್ನ ಮನೆಯಲ್ಲಿ ನಾನು ಬಂದಾಗ ನಗು ನಿಲ್ಲುವುದು ಹೊಸತಲ್ಲ. ಶಿಸ್ತಿಗೆ ಅದು ಒಳ್ಳೆಯದೇ.

ಜುಲೈ 24, ಗುರುವಾರ, ಆಟಿ ಅಮಾವಾಸ್ಯೆ

ಬೆಳಕಾಗುವ ಮೊದಲು ರೂಪೇಶ ಪಡೀಲಿಗೆ ಹೋಗಿ ಹಾಲೆ ಮರದ ತೊಗಟೆಯ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದ. ಕಬ್ಬಿಣ ತಾಗಿಸಲಿಲ್ಲ. ಅರೆದು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಕಷಾಯ ಮಾಡಿದೆ. ವರ್ಷದ ರೋಗಕ್ಕೆಲ್ಲ ಇದೇ ಮದ್ದು. ನೀರಾಗಿರುವ ಯಾವುದನ್ನೂ ಕುಡಿಸಬಾರದು, ಗಟ್ಟಿ ಮಾಡಿಯೇ ಕೊಡಬೇಕು ಎಂದು ನಾಝಿಮಾ ಹೇಳಿದ್ದು ನೆನಪಿತ್ತು. ಒಂದು ಗುಟುಕು ಮಾತ್ರ ಎಂದುಕೊಂಡೆ.

ಗುಟುಕು ಉಸಿರಿನ ದಾರಿಗೆ ಹೋಯಿತು. ಮುಖ ನೀಲಿ ಆಯಿತು. ರೂಪೇಶ ಅವನನ್ನು ಎತ್ತಿಕೊಂಡೇ ರಸ್ತೆಗೆ ಓಡಿದ.

ಆಸ್ಪತ್ರೆಯಲ್ಲಿದ್ದಾನೆ. ಬದುಕಿದ್ದಾನೆ.

ಜುಲೈ 31, ಗುರುವಾರ

ಮನೆಗೆ ತಂದೆವು. ಇನ್ನು ಹೊಟ್ಟೆಗೆ ಹಾಕಿದ ನಳಿಗೆಯಲ್ಲೇ ಊಟ. ಮಾತು ಆಸ್ಪತ್ರೆಯಲ್ಲೇ ಉಳಿಯಿತು. ‘ಅ’, ‘ಆ’ ಎನ್ನುತ್ತಾನೆ. ನನಗೆ ಅರ್ಥವಾಗುತ್ತದೆ, ಉಳಿದವರಿಗೆ ಇಲ್ಲ.

ಸಂಜೆ ನಳಿಗೆ ತೊಳೆಯುವಾಗ ಚಾವಡಿಯಿಂದ ರೂಪೇಶನ ಸ್ವರ ಕೇಳಿತು. ಶೈಲೇಶ ಕಣ್ಣಿನಲ್ಲಿ ಮೇಜು ತೋರಿಸಿರಬೇಕು.

“ಬೇಡ ಶೈಲು. ಕೇಳಬೇಡ. ಅಮ್ಮ ಹೇಳಿದ್ದು ಸುಳ್ಳಾದ್ರೆ ಸರಿ. ಸತ್ಯ ಆದ್ರೆ? ನಾನು ಬಂದು ಐದು ದಿವಸಕ್ಕೆ ನೀನು ಮೇಜು ನೋಡಿದ್ದಕ್ಕೇ ಹೀಗಾಯ್ತು.”

ಶೈಲೇಶ ಏನೋ ಅಂದ. ರೂಪೇಶನಿಗೆ ತಿಳಿಯಲಿಲ್ಲ, ಮೂರು ಸಲ “ಎಂತ?” ಎಂದು ಕೇಳಿದ. ನನಗೆ ಅಡುಗೆಮನೆಯಿಂದಲೇ ತಿಳಿಯಿತು. “ಹಾಗಾದರೆ ಸಾಯಿಸು” ಎಂದಿದ್ದ.

ನನ್ನ ಮಾತನ್ನು ದೊಡ್ಡ ಮಗ ಉಳಿಸಿಕೊಂಡಿದ್ದಾನೆ. ನನಗೆ ಸಮಾಧಾನವಾಗಬೇಕಿತ್ತು.

ಆಗಸ್ಟ್ 2, ಶನಿವಾರ

ಬೆಳಿಗ್ಗೆ ರೂಪೇಶನನ್ನು ಕರೆದು, “ಆಡು ಹೋಗು” ಎಂದೆ.

“ಎಂತದು?”

“ಅವನೊಟ್ಟಿಗೆ. ಆಟಿ ಇನ್ನೂ ಮುಗಿಯಲಿಲ್ಲ. ನಾನು ಹೇಳ್ತಿದ್ದೇನಲ್ಲ, ಆಡು.”

“ನೀನೇ ಅಲ್ವಾ ಅಮ್ಮ ಹೇಳಿದ್ದು, ನಾನು ತಿಂದದ್ದು ಅಂತ? ಈಗ ಹೇಗೆ ಆಡುದು?”

“ಆಗ ಹೇಳಿದೆ. ಈಗ ಇದನ್ನು ಹೇಳ್ತೇನೆ.”

ಕೂತ. ಶೈಲೇಶನ ಕಣ್ಣು ಎರಡು ಪಟ್ಟು ದೊಡ್ಡದಾಯಿತು. ರೂಪೇಶ ದಾಳವನ್ನು ಮುಷ್ಟಿಯಲ್ಲಿ ಹಿಡಿದ. ಹಿಡಿದೇ ಇದ್ದ. ಫ್ಯಾನಿನ ಕೆಳಗೆ ಕೂತವನ ಹಣೆಯಲ್ಲಿ ನೀರಿಳಿಯುತ್ತಿತ್ತು. ಆಮೇಲೆ ದಾಳವನ್ನು ಮೆಲ್ಲ ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದ.

ನನ್ನ ಮಾತು ಮೀರಿದವರು ಈ ಮನೆಯಲ್ಲಿ ಇರಲಿಲ್ಲ. ಇವನು ಮೀರಿದ್ದು ನನ್ನ ಎರಡನೆಯ ಮಾತನ್ನು.

ಆಗಸ್ಟ್ 4, ಸೋಮವಾರ

ರಜೆ ಇನ್ನೂ ಇತ್ತು. ರೂಪೇಶ ಹೊರಟ. ತಾನು ಹತ್ತಿರ ಇದ್ದಷ್ಟೂ ತಮ್ಮನಿಗೆ ಕೆಡುಕು ಎಂದ. ತಡೆಯಲಿಲ್ಲ.

ಆಗಸ್ಟ್ 10, ಭಾನುವಾರ

ಶೈಲೇಶ ಮೂರು ದಿನದಿಂದ ಗೋಡೆಯ ಕಡೆಗೇ ಮುಖ. ಡೆರಿಲ್ ಮತ್ತು ನಾಝಿಮಾ ಬಂದು ಎಷ್ಟು ಕರೆದರೂ ತಿರುಗಲಿಲ್ಲ. ಅವರಿಬ್ಬರೇ ಆಡಿದರು, ಸತ್ತ ಮನೆಯಲ್ಲಿ ಇಸ್ಪೀಟು ಆಡಿದ ಹಾಗಿತ್ತು.

ನಾನು ನೋಡುತ್ತಾ ನಿಂತಿದ್ದೆ. ಡೆರಿಲ್ ಟೇಪನ್ನು ಸಡಿಲ ಬಿಟ್ಟು ಅಳೆಯುತ್ತಾನೆ, ಪ್ರತಿ ನಡೆಗೂ ಅರ್ಧ ಇಂಚು ಲಾಭ. “ಅದು ಅಳತೆಯಾ?” ಎಂದೆ. “ನನ್ನ ಮಿಲ್ಲಿನಲ್ಲಿ ಹೀಗೆ ತೂಗಿದ್ದರೆ ಜನ ತಕ್ಕಡಿ ಎತ್ತಿ ತಲೆಗೆ ಹಾಕುತ್ತಿದ್ದರು.”

“ಅಯ್ಯೋ, ಅಂಪೈರ್ ಬಂದ್ರು!” ಎಂದ ಡೆರಿಲ್.

“ಆಂಟಿ, ನೀವೇ ಹಿಡೀರಿ ನೋಡುವ” ಎಂದು ನಾಝಿಮಾ ಟೇಪನ್ನು ನನ್ನ ಕೈಗೆ ಕೊಟ್ಟಳು.

ಕಾಲಾಳು ಆರು ಇಂಚು, ಕುದುರೆ ಹನ್ನೆರಡು. ಐದು ಅಥವಾ ಆರು ಬಿದ್ದರೆ ಎದುರಿನವ ಸತ್ತ. ಮರದ ಮರೆಯಲ್ಲಿದ್ದರೆ ಆರೇ ಬೇಕು. ಕಷ್ಟವೇನಿಲ್ಲ, ಗಮನ ಬೇಕು ಅಷ್ಟೆ. ನಾಝಿಮಾನ ಜಾಗದಲ್ಲಿ ಕೂತು ಡೆರಿಲನ ಫಿರಂಗಿ ಎರಡನ್ನೂ ಹಿಡಿದೆ. ಆಗ ಹಾಸಿಗೆಯಿಂದ ಸದ್ದು ಬಂತು. ಶೈಲೇಶ ತಿರುಗಿದ್ದ. ಬಲಗಡೆಯ ಗುಡ್ಡ ಖಾಲಿ ಬಿಟ್ಟಿದ್ದೇನೆ ಎಂದು ನನ್ನನ್ನು ಬೈಯುತ್ತಿದ್ದ.

ಆಗಸ್ಟ್ 15, ಶುಕ್ರವಾರ

ಒಂದು ದಾರಿ ಉಂಟು. ರೂಪೇಶನಿಗೆ ಫೋನ್ ಮಾಡಿ ಹೇಳಿದೆ.

“ಮೇಜಿನ ಫೋಟೋ ನಾಝಿಮಾ ಕಳಿಸುತ್ತಾಳೆ. ಕಪ್ಪು ದಂಡು ಎಲ್ಲಿಗೆ ಹೋಗಬೇಕೆಂದು ನೀನು ನನಗೆ ಹೇಳು. ಅಡುಗೆಮನೆಯಲ್ಲಿ ನಿಂತು ಕೇಳಿಕೊಂಡು, ಫೋನ್ ಇಟ್ಟು, ನಾನು ಹೋಗಿ ನಡೆಸುತ್ತೇನೆ. ಅವನು ನಿನ್ನ ಮುಖ ನೋಡುವುದಿಲ್ಲ, ಸ್ವರ ಕೇಳುವುದಿಲ್ಲ.”

“ಅದು ಆಡಿದ ಹಾಗೇ ಅಲ್ವಾ ಅಮ್ಮ?”

“ಅಲ್ಲ. ಎದುರು ಕೂರುವವಳು ನಾನು. ದಾಳ ಹಾಕುವ ಕೈ ನನ್ನದು. ನೀನು ಅಮ್ಮ ಕೇಳಿದ್ದಕ್ಕೆ ಉತ್ತರ ಹೇಳುವುದು. ಅಮ್ಮನಿಗೆ ಉತ್ತರ ಹೇಳಬಾರದು ಅಂತ ಎಲ್ಲಿಯಾದರೂ ಉಂಟಾ?”

“ಆವು, ಆಗಲಿ” ಎಂದ. ಸಣ್ಣವನಿದ್ದಾಗ ಮದ್ದು ಕುಡಿಯಲು ಒಪ್ಪಿದ ಸ್ವರ.

ಶೈಲೇಶನಿಗೆ, “ಇನ್ನು ನಿನ್ನ ಎದುರು ಪಕ್ಷ ನಾನು” ಎಂದಷ್ಟೇ ಹೇಳಿದೆ. ಅವನ ಸಿಪಾಯಿಯ ಮೇಲೆ ಬೆರಳಿಡುತ್ತೇನೆ, ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿದರೆ ಅಲ್ಲ. ಟೇಪು ಎಳೆಯುತ್ತಾ ಹೋಗುತ್ತೇನೆ, ಸಾಕಾದಲ್ಲಿ ಮುಚ್ಚುತ್ತಾನೆ. ಆಮೇಲೆ ಅಡುಗೆಮನೆಗೆ ಹೋಗಿ ಬಂದು ಕಪ್ಪು ಕುದುರೆಗಳನ್ನು ಹೊಳೆಯ ಕೆಳದಂಡೆಗೆ ನಡೆಸಿದೆ. ಅವನು ಆ ನಡೆಯನ್ನು ನೋಡಿದ, ನನ್ನನ್ನು ನೋಡಿದ.

“ಅ... ಅ...” ಎಂದ.

“ಅಣ್ಣ ಅಲ್ಲ. ನಾನು” ಎಂದೆ.

ಅವನ ಮೈಯೆಲ್ಲ ಅಲ್ಲಾಡಿತು. ಉಸಿರು ಸಿಕ್ಕಿಕೊಂಡಿತೆಂದು ಓಡಿದೆ. ನಗುತ್ತಿದ್ದ.

ಆಗಸ್ಟ್ 17, ಭಾನುವಾರ

ಸೋಣ ಸಂಕ್ರಮಣ. ಹೊಸ್ತಿಲು ತೊಳೆದು ಹೂವಿಟ್ಟೆ. ಮೇಜು ಹಾಗೆಯೇ ಇದೆ. ಕಪ್ಪು ದಂಡಿನ ಎಡಭಾಗ ಹಿಂದೆ ಬಿದ್ದಿದೆ, ಆ ಯೋಚನೆಯಲ್ಲಿ ಹಾಲು ಉಕ್ಕಿತು.

ಆಗಸ್ಟ್ 22, ಶುಕ್ರವಾರ

ರೂಪೇಶ ಮೋಸ ಮಾಡುತ್ತಿದ್ದಾನೆ. ಗೆಲ್ಲಲು ಅಲ್ಲ, ಸೋಲಲು. ಫಿರಂಗಿಯನ್ನು ಬಯಲಿಗೆ ತಂದು ನಿಲ್ಲಿಸು ಎಂದ. ನನ್ನಂಥ ಹೊಸಬಳಿಗೂ ಅದು ತಪ್ಪೆಂದು ಕಾಣುತ್ತದೆ. ಆದರೂ ಹೇಳಿದಂತೆ ಇಟ್ಟೆ. ಶೈಲೇಶ ನೋಡಿದ. ಕಣ್ಣು ಮುಚ್ಚಿಕೊಂಡ, ಮತ್ತೆ ತೆರೆಯಲೇ ಇಲ್ಲ. ರೆಪ್ಪೆಯ ಅಂಚಿನಿಂದ ನೀರು ಕಿವಿಗೆ ಇಳಿಯಿತು. ನಾನು ಒರೆಸಿದರೆ ತಲೆ ಕೊಡವಲು ನೋಡಿದ. ತಲೆಯೂ ಕೊಡವಲು ಆಗುವುದಿಲ್ಲ.

ಅಡುಗೆಮನೆಗೆ ಹೋಗಿ ರೂಪೇಶನಿಗೆ ಹೇಳಿದೆ, “ನನ್ನ ಮಗನಿಗೆ ಭಿಕ್ಷೆ ಹಾಕಬೇಡ. ಅವನಿಗೆ ಕೈ ಇಲ್ಲ, ಬುದ್ಧಿ ಉಂಟು.”

“ನಾನು ಗೆದ್ದರೆ ಎಂತ ಮಾಡುದಮ್ಮ? ಗೆದ್ದ ಮೇಲೆ ಅವನಿಗೆ ಎಂತಾದ್ರೂ ಆದ್ರೆ?”

“ನೀನು ಗೆಲ್ಲುವುದು ಹೇಗೆ? ಆಡುವವಳು ನಾನು. ಗೆದ್ದರೆ ಗೆದ್ದವಳು ನಾನು. ಆದದ್ದೆಲ್ಲ ನನಗೆ.”

ಅವನು ಅಳುತ್ತಿದ್ದ. ಅಳು ಮುಗಿಯುವವರೆಗೆ ಕಾದೆ. ಆಮೇಲೆ, “ಫಿರಂಗಿ ಹಿಂದೆ ತಾ, ಬಾಳೆತೋಟದ ಮರೆಗೆ” ಎಂದ.

ಇಟ್ಟ ಕಾಯಿ ಹಿಂದೆ ತೆಗೆಯುವ ಹಾಗಿಲ್ಲ. ಆದರೆ ನಾನು ಹೋಗಿ, “ನನ್ನ ಕೈ ತಪ್ಪಿತ್ತು ಶೈಲು, ತೆಗೆಯಲಾ?” ಎಂದು ಕೇಳಿದೆ. ಕಣ್ಣು ತೆರೆದ. ಮೇಲೆತ್ತಿದ.

ಸೆಪ್ಟೆಂಬರ್ 5, ಶುಕ್ರವಾರ

ರೂಪೇಶ ಇಂದು ಸೇತುವೆಯ ಕಡೆ ನೋಡಲೇ ಇಲ್ಲ. ಕುದುರೆಗಳನ್ನು ಕೆಳದಂಡೆಯಲ್ಲಿ ಹೊಳೆ ದಾಟಿಸಿದ. ನೀರಿನಲ್ಲಿ ಅರ್ಧ ವೇಗ, ಪ್ರತಿ ನಡೆಗೂ ಶೈಲೇಶನ ಬಂದೂಕಿನವರು ಒಂದಿಬ್ಬರನ್ನು ಬೀಳಿಸಿದರು. ನಾನೇ ಎರಡೂ ಕಡೆಯ ದಾಳ ಹಾಕುವವಳು. ಕೆಂಪಿಗೆ ಹಾಕುವಾಗ ಆರು ಬೀಳಲಿ ಎಂದುಕೊಂಡೆ, ಕಪ್ಪಿಗೆ ಹಾಕುವಾಗಲೂ ಆರು ಬೀಳಲಿ ಎಂದುಕೊಂಡೆ. ಉಳಿದ ಕುದುರೆಗಳು ದಡ ಹತ್ತಿ ಹಿಂದಿನಿಂದ ಬಂದವು. ಸೇತುವೆಯ ಮೇಲಿದ್ದ ಕೆಂಪು ದಂಡಿಗೆ ತಿರುಗಲು ಜಾಗವಿರಲಿಲ್ಲ. ಕೊನೆಯ ಸಿಪಾಯಿಯನ್ನು ಶೈಲೇಶನ ಕಣ್ಣೆದುರೇ ನಾನು ಎತ್ತಿದೆ.

ಸೋತ. ಅವನ ಮುಖ ನೋಡಲು ಹೆದರಿದೆ, ನೋಡಿದೆ. ಎಸೆಸೆಲ್ಸಿ ಪಾಸಾದ ದಿನದ ಮುಖ.

ಏನೋ ಹೇಳಿದ. ಕಿವಿ ಹತ್ತಿರ ಇಟ್ಟೆ. ‘ಕಳ್ಳ’ ಎಂದ. ‘ಅಣ್ಣ ಕಳ್ಳ.’

“ನಾನು ಕಳ್ಳಿ” ಎಂದೆ.

ಇದನ್ನು ರೂಪೇಶನಿಗೆ ಹೇಳಲಿಲ್ಲ. ತಮ್ಮನಿಗೆ ಖುಷಿಯಾಗಿದೆ ಎಂದಷ್ಟೇ ಹೇಳಿದೆ.

ಸೆಪ್ಟೆಂಬರ್ 9, ಮಂಗಳವಾರ

ಶೈಲೇಶ ಹೋದ. ಬೆಳಿಗ್ಗೆ ಮುಖ ತೊಳೆಸುವಾಗ.

ಸೆಪ್ಟೆಂಬರ್ 11, ಗುರುವಾರ

ನಿನ್ನೆಯದನ್ನು ಬರೆಯುತ್ತೇನೆ.

ರೂಪೇಶ ವಿಮಾನ ಇಳಿದು ನೇರ ಬಂದ. ಒಳಗೆ ಬರಲಿಲ್ಲ, ಗೇಟಿನ ಹತ್ತಿರ ಕಂಬ ಹಿಡಿದು ನಿಂತ. ಡೆರಿಲ್ ಹೋಗಿ ಕರೆದ, ಬರಲಿಲ್ಲ. ಸ್ಮಶಾನಕ್ಕೂ ಹಿಂದಿನ ವಾಹನದಲ್ಲಿ ಬಂದ. ಹೆಂಗಸರು ಹೋಗುವ ಕ್ರಮವಿಲ್ಲ ಎಂದರು, ನಾನು ಹೋದೆ, ನನ್ನ ಕೈ ಹಿಡಿದುಕೊಂಡು ತಂಗಿಯೂ ಬಂದಳು. ಹೋದದ್ದು ಒಳ್ಳೆಯದಾಯಿತು.

ಎಲ್ಲ ಸಿದ್ಧವಾಗಿ, ಬೆಂಕಿ ಕೊಡಲು ಅಣ್ಣನನ್ನು ಕರೆದರು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

“ಬೇರೆ ಯಾರಾದ್ರೂ ಕೊಡಿ. ನಾನು ಕೊಡ್ಲಿಕ್ಕೆ ಆಗುದಿಲ್ಲ. ನಾನೇ ಕೊಂದದ್ದು.”

ಜನ ಮುಖ ಮುಖ ನೋಡಿದರು. ಒಬ್ಬರು, “ದುಃಖದಲ್ಲಿ ಮಾತಾಡ್ತಾನೆ” ಎಂದರು. ದುಃಖದಲ್ಲಿ ಆಡಿದ ಮಾತಲ್ಲ ಅದೆಂದು ನನಗೆ ಗೊತ್ತು. ಹೀಗೆ ಬಿಟ್ಟರೆ ಇವನು ಮಸ್ಕತ್ತಿನ ಕೋಣೆಯಲ್ಲಿ ಒಬ್ಬನೇ ಇದನ್ನು ಹೊತ್ತುಕೊಂಡು ಎಷ್ಟು ದಿನ ಇರುತ್ತಾನೆ? ನನಗೆ ಉಳಿದದ್ದು ಇವನೊಬ್ಬ.

ಹತ್ತಿರ ಹೋಗಿ ಅವನ ಗಲ್ಲ ಹಿಡಿದು ಮುಖ ಎತ್ತಿದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ನನ್ನ ಸ್ವರ ಮಿಲ್ಲಿನ ಸದ್ದಿನ ಮೇಲೆ ಮಾತಾಡಿ ಬೆಳೆದದ್ದು.

“ಆ ಮೇಜಿನ ಮುಂದೆ ಕೂತವಳು ಯಾರು? ನಾನು. ದಾಳ ಹಾಕಿದ್ದು ಯಾರು? ನಾನು. ಸೇತುವೆಯಿಂದ ಅವನ ಕೊನೆಯ ಸಿಪಾಯಿಯನ್ನು ಎತ್ತಿದ್ದು ಯಾರು? ಡೆರಿಲ್, ನೀನು ಇದ್ದೆಯಲ್ಲ, ಹೇಳು.”

ಡೆರಿಲ್ ನನ್ನನ್ನು ನೋಡಿದ. ಅವನು ಅಂದು ಇರಲಿಲ್ಲ. “ನೀವೇ ಆಂಟಿ” ಎಂದ.

“ಆಟ ತಿಂದಿದ್ದರೆ ನನ್ನ ಆಟ ತಿಂದದ್ದು. ತಮ್ಮನೊಟ್ಟಿಗೆ ಆಡು ಅಂತ ನಾನು ಹೇಳಿದಾಗ ನೀನು ಕೂತಲ್ಲಿಂದ ಎದ್ದು ಹೋದವನು. ನೀನು ಆಡಲೇ ಇಲ್ಲ ರೂಪೇಶ. ಮಗನನ್ನು ಸೋಲಿಸಿದವಳು ನಾನು. ನನ್ನ ಮೇಲೆ ಬರುವುದು ಬರಲಿ, ನಿನಗೆ ಅದರಲ್ಲಿ ಪಾಲಿಲ್ಲ. ಹೋಗು, ತಮ್ಮನಿಗೆ ಬೆಂಕಿ ಕೊಡು.”

ತಂಗಿ ನನ್ನ ಪಕ್ಕದಿಂದ ಒಂದು ಹೆಜ್ಜೆ ಸರಿದು ನಿಂತಳು. ಕೂಳೂರಿನವರು ಯಾರೂ ಆಮೇಲೆ ನನ್ನ ಮುಖ ನೋಡಿ ಮಾತಾಡಲಿಲ್ಲ. ಮಗನನ್ನು ತಿಂದ ತಾಯಿ ಎಂದು ಇನ್ನು ಅಲ್ಲಿ ಹೇಳಿಕೊಳ್ಳುತ್ತಾರೆ. ಹೇಳಲಿ.

ರೂಪೇಶ ಹೋಗಿ ಬೆಂಕಿ ಕೊಟ್ಟ.

ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ನಾಝಿಮಾ ತನ್ನ ಮನೆಯಿಂದ ಗಂಜಿ, ಚಟ್ನಿ ತಂದಿಟ್ಟಿದ್ದಳು. ಎರಡು ದಿನದಿಂದ ಏನೂ ತಿನ್ನದ ಹುಡುಗ ತಲೆ ತಗ್ಗಿಸಿ ಉಂಡ. ಬಟ್ಟಲು ಖಾಲಿಯಾಯಿತು. ಆಮೇಲೆ, “ಇನ್ನು ಸ್ವಲ್ಪ ಉಂಟಾ ಅಮ್ಮ?” ಎಂದು ಕೇಳಿದ.

ಬಡಿಸಿದೆ.